ಪಂಪ್ ದೊಡ್ಡದಾದರೆ ಗಾಡಿಗೆ ದಮ್ಮು ಬರುತ್ತದಾ?

ಪ್ರಶ್ನೆ: ನನ್ನದು ಡೀಸೆಲ್ ಪಿಕಪ್, 300 ಹಾರ್ಸ್‌ಪವರ್, ಒಂದೂವರೆ ಲಕ್ಷ ಕಿಲೋಮೀಟರ್ ಓಡಿದೆ. ಹೋದ ವರ್ಷ ಪವರ್ ಹೆಚ್ಚಲಿ ಅಂತ ಇಂಜಿನ್ನಿನ ಕಂಪ್ಯೂಟರ್ ಟ್ಯೂನ್ ಮಾಡಿಸಿದೆ. ಖಾಲಿ ಇದ್ದರೆ ಚೆನ್ನಾಗಿ ಓಡುತ್ತದೆ. ಟ್ರೈಲರ್ ಕಟ್ಟಿ ಏರು ಹತ್ತಿಸಿದರೆ ಅರ್ಧದಲ್ಲೇ ಸುಸ್ತು, ದೀಪ ಹತ್ತುತ್ತದೆ, ಸ್ಕ್ಯಾನರ್‌ನಲ್ಲಿ ಪಿ0087 ಅಂತ ಬರುತ್ತದೆ. ಎಲ್ಲರೂ ದೊಡ್ಡ ಫ್ಯೂಯಲ್ ಪಂಪ್ ಹಾಕಿಸು ಅನ್ನುತ್ತಾರೆ. ಯಾವುದು ಹಾಕಿಸಲಿ?

ಉತ್ತರ: ಯಾವ ಪಂಪ್ ಅಂತ ಅವರು ಹೇಳಿದರಾ? ನಿಮ್ಮ ಗಾಡಿಯಲ್ಲಿ ಎರಡು ಇರಬಹುದು. ಟ್ಯಾಂಕಿನಿಂದ ಡೀಸೆಲ್ ಎತ್ತಿ ಮುಂದಕ್ಕೆ ತಳ್ಳುವುದು ಲಿಫ್ಟ್ ಪಂಪ್. ಅದರ ಪ್ರೆಶರ್ ಸಾಮಾನ್ಯವಾಗಿ ಅರ್ಧ ಬಾರ್‌ನಿಂದ ಒಂದು ಬಾರ್, ಅಂದರೆ 7ರಿಂದ 15 ಪಿಎಸ್ಐ. ಅದನ್ನು ತೆಗೆದುಕೊಂಡು 1600, 2000 ಬಾರ್‌ಗೆ ಏರಿಸಿ ಕಾಮನ್ ರೈಲ್‌ಗೆ (ಎಲ್ಲ ಇಂಜೆಕ್ಟರ್‌ಗಳಿಗೂ ಡೀಸೆಲ್ ಹಂಚುವ ಒಂದೇ ಪೈಪ್) ಕೊಡುವುದು ಇಂಜಿನ್ನಿನ ಮೇಲೆ ಕೂತ ಹೈ ಪ್ರೆಶರ್ ಪಂಪ್. ಎರಡರ ಕೆಲಸವೂ ಬೇರೆ, ಕಾಯಿಲೆಯೂ ಬೇರೆ, ಖರ್ಚಂತೂ ತೀರಾ ಬೇರೆ. ಕೆಲವು ಗಾಡಿಗಳಲ್ಲಿ ಲಿಫ್ಟ್ ಪಂಪೇ ಇಲ್ಲ. 2001ರಿಂದ 2016ರವರೆಗಿನ, ಜಿಎಂ ಕಂಪನಿಯ 6.6 ಲೀಟರ್ ಡ್ಯೂರಾಮ್ಯಾಕ್ಸ್ ಇಂಜಿನ್ ಪಿಕಪ್‌ಗಳು ಕಾರ್ಖಾನೆಯಿಂದ ಹಾಗೇ ಬಂದವು. ಹೈ ಪ್ರೆಶರ್ ಪಂಪೇ ಅಷ್ಟು ದೂರದ ಟ್ಯಾಂಕಿನಿಂದ ಡೀಸೆಲ್ ಹೀರಿಕೊಳ್ಳಬೇಕು. ಅಂಥ ಗಾಡಿಗೆ ಲಿಫ್ಟ್ ಪಂಪ್ ಸೇರಿಸುವುದರಲ್ಲಿ ಅರ್ಥ ಇದೆ, ಭಾರ ಎಳೆಯುವವರಿಗಂತೂ ಖಂಡಿತ.

ಪಿ0087 ಅಂದರೆ ರೈಲ್‌ನಲ್ಲಿ ಪ್ರೆಶರ್ ಸಾಲುತ್ತಿಲ್ಲ ಅಂತ ಅಷ್ಟೇ. ಪಂಪ್ ಹೋಗಿದೆ ಅಂತ ಅಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಫಿಲ್ಟರ್ ಕಟ್ಟಿಕೊಂಡರೂ ಬರೆ ಬೀಳುವುದು ಪಂಪ್‌ಗೇ. ನಾನೇ ಒಮ್ಮೆ ಹೀಗೆ ಹೊಸ ಲಿಫ್ಟ್ ಪಂಪ್ ಹಾಕಿಸಿದೆ, ಏರಿನಲ್ಲಿ ಮತ್ತೆ ಅದೇ ಕಥೆ, ಕೊನೆಗೆ ಟ್ಯಾಂಕ್ ಇಳಿಸಿ ನೋಡಿದರೆ ಯಾವುದೋ ಡಬ್ಬಿಯ ಮುಚ್ಚಳದ ಕೆಳಗಿರುವ ತೆಳು ಹಾಳೆಯ ತುಂಡೊಂದು ಒಳಗೆ ತೇಲುತ್ತಿತ್ತು! ನಿಧಾನಕ್ಕೆ ಹೋದಾಗ ಪಕ್ಕಕ್ಕೆ ಸರಿಯುತ್ತಿತ್ತು, ಜೋರಾಗಿ ಎಳೆದಾಗ ಬಂದು ಡೀಸೆಲ್ ಹೀರುವ ಪೈಪಿನ ಜಾಲರಿಗೆ ಅಂಟಿಕೊಳ್ಳುತ್ತಿತ್ತು. ಹಳೆಯ ಪಂಪ್ ಇನ್ನೂ ನನ್ನ ಕಪಾಟಿನಲ್ಲಿದೆ, ಪೂರ್ತಿ ಆರೋಗ್ಯವಾಗಿ.

ಅದಕ್ಕೇ ಮೊದಲು ಫಿಲ್ಟರ್ ಬದಲಿಸಿ. ಆಮೇಲೆ ಫಿಲ್ಟರ್ ದಾಟಿದ ಮೇಲೆ, ಹೈ ಪ್ರೆಶರ್ ಪಂಪ್‌ಗೆ ಮುಂಚೆ, ಒಂದು ಪ್ರೆಶರ್ ಗೇಜ್ ಹಾಕಿಸಿ. ನಿಂತಲ್ಲೇ ರೇಸ್ ಕೊಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ, ಟ್ರೈಲರ್ ಕಟ್ಟಿಕೊಂಡು ಅದೇ ಏರಿಗೆ ಹೋಗಬೇಕು, ಜೊತೆಗೊಬ್ಬರು ಕೂತು ಗೇಜ್ ಮತ್ತು ಸ್ಕ್ಯಾನರ್ ಎರಡನ್ನೂ ನೋಡುತ್ತಿರಬೇಕು. ಏರಿನಲ್ಲಿ ಗೇಜ್‌ನ ಮುಳ್ಳು ಕುಸಿದರೆ ತೊಂದರೆ ಟ್ಯಾಂಕಿನ ಕಡೆ: ಜಾಲರಿ, ಪೈಪ್, ಫಿಲ್ಟರ್, ಲಿಫ್ಟ್ ಪಂಪ್. ಮುಳ್ಳು ಗಟ್ಟಿಯಾಗಿ ನಿಂತಿದ್ದು, ಸ್ಕ್ಯಾನರ್‌ನಲ್ಲಿ ಇಂಜಿನ್ ಕೇಳಿದ ರೈಲ್ ಪ್ರೆಶರ್‌ಗಿಂತ ಸಿಕ್ಕಿದ್ದು ಕಡಿಮೆ ಇದ್ದರೆ ತೊಂದರೆ ಇಂಜಿನ್ ಕಡೆ. ಅಲ್ಲೂ ತಕ್ಷಣ ಹೈ ಪ್ರೆಶರ್ ಪಂಪ್ ಮೇಲೆ ಕೈ ಹಾಕಬೇಡಿ. ಸವೆದ ಇಂಜೆಕ್ಟರ್‌ಗಳು ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಲೈನ್‌ಗೆ ಜಾಸ್ತಿ ಡೀಸೆಲ್ ಬಿಟ್ಟರೂ ರೈಲ್ ಪ್ರೆಶರ್ ಬೀಳುತ್ತದೆ. ಹೆಚ್ಚಾದ ಪ್ರೆಶರ್ ಹೊರಬಿಡುವ ರಿಲೀಫ್ ವಾಲ್ವ್ ಸೋರಿದರೂ ಅಷ್ಟೆ. ಇವೆಲ್ಲ ಸರಿಯಿದ್ದರೆ ನಿಮ್ಮ ಟ್ಯೂನ್ ಪಂಪ್‌ನ ಕೈಲಾಗದಷ್ಟನ್ನು ಕೇಳುತ್ತಿರಬಹುದು. ಎಳೆಯುವ ಕೆಲಸಕ್ಕೆ ಟ್ಯೂನ್ ಸ್ವಲ್ಪ ಇಳಿಸುವುದು ಅಗ್ಗದ ಔಷಧಿ, ಆದರೆ ಆ ಮಾತು ಯಾರಿಗೂ ರುಚಿಸುವುದಿಲ್ಲ.

ಲಿಫ್ಟ್ ಪಂಪೇ ಬೇಕು ಅಂತಾಯಿತು ಅಂದುಕೊಳ್ಳಿ. ಎಷ್ಟು ದೊಡ್ಡದು? ಲೆಕ್ಕ ಸುಲಭ. 300 ಹಾರ್ಸ್‌ಪವರ್ ಅಂದರೆ ಸುಮಾರು 224 ಕಿಲೋವ್ಯಾಟ್. ಡೀಸೆಲ್ ಇಂಜಿನ್ ಪೂರ್ತಿ ಲೋಡಿನಲ್ಲಿ ಒಂದು ಕಿಲೋವ್ಯಾಟ್‌ಗೆ ಗಂಟೆಗೆ 220 ಗ್ರಾಂ ಆಸುಪಾಸು ಕುಡಿಯುತ್ತದೆ. ಅಲ್ಲಿಗೆ ಗಂಟೆಗೆ 49 ಕಿಲೋ, ಅಂದರೆ 60 ಲೀಟರ್ ಹತ್ತಿರ. ಇದು ಉರಿದು ಹೋಗುವ ಲೆಕ್ಕ ಮಾತ್ರ. ಹೈ ಪ್ರೆಶರ್ ಪಂಪನ್ನು ತಣ್ಣಗಿಟ್ಟು, ಜಾರುವಂತೆ ಮಾಡಿ ಟ್ಯಾಂಕಿಗೆ ವಾಪಸ್ ಹೋಗುವ ಡೀಸೆಲ್ ಬೇರೆ ಇದೆ. ನಾನು ಮೂರು ಪಟ್ಟು ಹಿಡಿಯುತ್ತೇನೆ, ಗಂಟೆಗೆ 180–200 ಲೀಟರ್. ಟ್ಯೂನ್ ಮಾಡಿದ್ದಕ್ಕೆ ಇನ್ನೊಂದಿಷ್ಟು ಸೇರಿಸಿ. ಇಷ್ಟಕ್ಕೆ ಗಂಟೆಗೆ 165 ಗ್ಯಾಲನ್, ಅಂದರೆ 625 ಲೀಟರ್ ತಳ್ಳುವ ಪಂಪ್ ಯಾಕೆ? ಮೂಗಿಗಿಂತ ಮೂಗುತಿ ಭಾರ. ಉಳಿದದ್ದೆಲ್ಲ ಸುಮ್ನೆ ಸುತ್ತಿ ಸುತ್ತಿ ಟ್ಯಾಂಕಿಗೇ ಹೋಗುತ್ತದೆ, ಕರೆಂಟ್ ತಿನ್ನುತ್ತದೆ, ಡೀಸೆಲ್ ಬಿಸಿ ಮಾಡುತ್ತದೆ.

ಇಲ್ಲೊಂದು ಕಣ್ಕಟ್ಟು ಇದೆ. ಡಬ್ಬದ ಮೇಲಿನ ಸಂಖ್ಯೆ ಎಷ್ಟೋ ಸಲ ಎದುರು ಯಾವ ತಡೆಯೂ ಇಲ್ಲದಾಗಿನದು. ಪ್ರೆಶರ್ ಏರಿದಂತೆ ಹರಿವು ಇಳಿಯುತ್ತದೆ. ನಿಮ್ಮ ಗಾಡಿಗೆ ಬೇಕಾದ ಪ್ರೆಶರ್‌ನಲ್ಲಿ ಎಷ್ಟು ಲೀಟರ್ ಅಂತ ಕೇಳಿ. ಗ್ರಾಫ್ ತೋರಿಸದ ಪಂಪ್ ನಾನಾದರೆ ತೆಗೆದುಕೊಳ್ಳುವುದಿಲ್ಲ. ಪ್ರೆಶರ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತಲೂ ಇಲ್ಲ, ಗಾಡಿಯ ಕೈಪಿಡಿ ಹೇಳಿದ ಮಿತಿಯೊಳಗಿರಲಿ.

ವೈರಿಂಗ್ ಬಗ್ಗೆ ಎರಡೇ ಮಾತು. ಬ್ಯಾಟರಿಯಿಂದ ನೇರ ದಪ್ಪ ವೈರ್, ಫ್ಯೂಸ್, ರಿಲೇ. ಇಂಜಿನ್ ನಿಂತರೆ ಪಂಪ್ ಕೂಡ ನಿಲ್ಲಬೇಕು, ಇಲ್ಲದಿದ್ದರೆ ಅಪಘಾತದಲ್ಲಿ ಪೈಪ್ ಹರಿದಾಗಲೂ ಅದು ಡೀಸೆಲ್ ಸುರಿಯುತ್ತಲೇ ಇರುತ್ತದೆ.

ಪ್ರಶ್ನೆ: ನನ್ನ ಪಿಕಪ್‌ನಲ್ಲಿ ಸಿಪಿ4 ಅನ್ನುವ ಹೈ ಪ್ರೆಶರ್ ಪಂಪ್ ಇದೆ. ಕೆಡುವ ಮುಂಚೆಯೇ ತೆಗೆದು ಸಿಪಿ3 ಹಾಕಿಸಿ ಅನ್ನುತ್ತಾರೆ. ನಿಜವಾ?

ಉತ್ತರ: ಭಯ ಸುಳ್ಳಲ್ಲ. ಬಾಷ್‌ನ ಸಿಪಿ3ರಲ್ಲಿ ಮೂರು ಪಿಸ್ಟನ್, ಪಿಕಪ್‌ಗಳಿಗೆ ಬಂದ ಸಿಪಿ4.2ರಲ್ಲಿ ಎರಡು. ಸಿಪಿ4ರಲ್ಲಿ ಕ್ಯಾಮ್ ಮೇಲೆ ಉರುಳುವ ರೋಲರ್ ಇದೆ. ಅದನ್ನು ಹಿಡಿದ ಟ್ಯಾಪೆಟ್ ತಿರುಗಿಬಿಟ್ಟರೆ ರೋಲರ್ ಉರುಳದೆ ಉಜ್ಜುತ್ತದೆ. ಆಗ ಏಳುವ ಲೋಹದ ಪುಡಿ ರೈಲ್, ಇಂಜೆಕ್ಟರ್, ಟ್ಯಾಂಕ್ ಎಲ್ಲ ಕಡೆ ಹೋಗುತ್ತದೆ. ರ‍್ಯಾಮ್ ಕಂಪನಿಯ ಕಮಿನ್ಸ್ ಇಂಜಿನ್ ಪಿಕಪ್‌ಗಳಿಗೆ 2019ರಲ್ಲಿ ಸಿಪಿ4 ಬಂತು, 2021ರ ಮಾಡೆಲ್‌ಗೆ ಮತ್ತೆ ಸಿಪಿ3 ಮರಳಿತು. ಇದಕ್ಕಿಂತ ಸಾಕ್ಷಿ ಬೇಕಾ?

ಆದರೂ ಚೆನ್ನಾಗಿ ಓಡುತ್ತಿರುವುದನ್ನು ಈಗಲೇ ಕಿತ್ತು ಹಾಕಿ ಅಂತ ನಾನು ಹೇಳುವುದಿಲ್ಲ. ಬದಲಾವಣೆ ಅಂದರೆ ಪಂಪ್ ಒಂದೇ ಅಲ್ಲ, ಪೈಪ್‌ಗಳು, ಕೆಲವು ಇಂಜಿನ್‌ಗಳಲ್ಲಿ ಟ್ಯೂನ್ ಕೂಡ ಬದಲಾಗಬೇಕು. ವಾರಂಟಿ ಇದ್ದರೆ ಹೋಗಬಹುದು. ಹೊಗೆ ತಪಾಸಣೆಯ ನಿಯಮವನ್ನೂ ಮೊದಲೇ ನೋಡಿಕೊಳ್ಳಬೇಕು. ಪಂಪ್ ಒಳಗೆ ಸುತ್ತಿದ ಡೀಸೆಲ್ ನೇರ ಟ್ಯಾಂಕಿನ ಕಡೆ ಹೋಗುವಂತೆ ಮಾಡುವ ಬೈಪಾಸ್ ಕಿಟ್ ಸಿಗುತ್ತದೆ. ಪಂಪ್ ಸತ್ತರೂ ಇಂಜೆಕ್ಟರ್‌ಗಳು ಉಳಿಯುವ ಆಸೆ ಇರುತ್ತದೆ. ಅದು ಹಾಕಿಸಿ, ನೀರು ಬೇರ್ಪಡಿಸುವ ಒಳ್ಳೆಯ ಫಿಲ್ಟರ್ ಹಾಕಿಸಿ. ಟ್ಯಾಂಕ್ ಪೂರ್ತಿ ಖಾಲಿಯಾಗಲು ಬಿಡಬೇಡಿ, ಈ ಪಂಪ್‌ಗೆ ಡೀಸೆಲ್ಲೇ ಆಯಿಲ್, ಗಾಳಿ ಹೊಕ್ಕರೆ ಒಣ ಉಜ್ಜಾಟ.

ಪ್ರಶ್ನೆ: ಪೆಟ್ರೋಲ್ ಕಾರಿನ ಎಲೆಕ್ಟ್ರಿಕ್ ಪಂಪ್ ಮನೆಯಲ್ಲಿದೆ. ಅದನ್ನೇ ಹಾಕಲಾ?

ಉತ್ತರ: ಬೇಡ. ಅದು ತೆಳು ಪೆಟ್ರೋಲ್‌ಗೆ, ಮೂರು ನಾಲ್ಕು ಬಾರ್ ಪ್ರೆಶರ್‌ಗೆ ಮಾಡಿದ್ದು. ಡೀಸೆಲ್ ದಪ್ಪ, ಚಳಿಗೆ ಇನ್ನೂ ದಪ್ಪ.

ಪ್ರಶ್ನೆ: ಹೊಸ ಲಿಫ್ಟ್ ಪಂಪ್ ಹಾಕಿಸಿದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಪಂಪ್ ಕೆಟ್ಟದ್ದಾ?

ಉತ್ತರ: ಅಲ್ಲದಿರಬಹುದು. ಎಲ್ಲೋ ಜಾಯಿಂಟ್ ಸಡಿಲ ಇದ್ದು ರಾತ್ರಿಯೆಲ್ಲ ಡೀಸೆಲ್ ಟ್ಯಾಂಕಿಗೆ ಇಳಿದು ಲೈನ್‌ಗೆ ಗಾಳಿ ಸೇರುತ್ತಿದೆ. ಲಿಫ್ಟ್ ಪಂಪ್ ಕಡೆಯ ಲೈನ್‌ನಲ್ಲಿ ಒಂದು ಅಡಿ ಪಾರದರ್ಶಕ ಡೀಸೆಲ್ ಪೈಪ್ ಸಿಕ್ಕಿಸಿ ನೋಡಿ, ಗುಳ್ಳೆ ಕಾಣುತ್ತದೆ. ಹಾಕಿದವರಿಂದಲೇ ಎಲ್ಲ ಕ್ಲಿಪ್ ಬಿಗಿ ಮಾಡಿಸಿ. ಸೋರಿಕೆ ಹುಡುಕುವ ಭರದಲ್ಲಿ ಇಂಜಿನ್ ಓಡುವಾಗ ರೈಲ್‌ನ ಪೈಪ್‌ಗಳ ಹತ್ತಿರ ಮಾತ್ರ ಬೆರಳು ತರಬೇಡಿ. ಆ ಪ್ರೆಶರ್‌ನ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ, ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ಒಳಗೆ ಕೈಯೇ ಹೋಗುವಷ್ಟು ಹಾನಿ. ಹಾಗೇನಾದರೂ ಆದರೆ ನೋವಿಲ್ಲ ಅಂತ ಕಾಯದೆ ಆಗಲೇ ಆಸ್ಪತ್ರೆಗೆ ಓಡಿ, ಹೈ ಪ್ರೆಶರ್ ಡೀಸೆಲ್ ಒಳಗೆ ಹೋಗಿದೆ ಅಂತ ಡಾಕ್ಟರ್‌ಗೆ ಬಿಡಿಸಿ ಹೇಳಿ.