ಜಾವಾದಲ್ಲಿ ಅನ್‌ಡಿಫೈನ್ಡ್ ಇಲ್ಲ, ನಲ್ ಒಂದೇ

ಪ್ರೋಗ್ರಾಂ ಬರೆಯೋಕೆ ಜಾವಾಸ್ಕ್ರಿಪ್ಟ್ ಬಿಟ್ಟು ಜಾವಾಗೆ ಬಂದಿದ್ದೀನಿ, ನಲ್ (ಏನೂ ಇಲ್ಲ ಅನ್ನುವ ಗುರುತು) ಮತ್ತು ಅನ್‌ಡಿಫೈನ್ಡ್ (ಇನ್ನೂ ಏನನ್ನೂ ಹಾಕಿಲ್ಲ ಅನ್ನುವ ಗುರುತು) ಎರಡನ್ನೂ ಹೇಗೆ ಚೆಕ್ ಮಾಡೋದು ಅಂತ ಕೇಳಿದ್ದೀರಿ. ಜಾವಾದಲ್ಲಿ ಅನ್‌ಡಿಫೈನ್ಡ್ ಅನ್ನೋದೇ ಇಲ್ಲ. ಮೆಥಡ್ ಒಳಗಿನ ವೇರಿಯಬಲ್‌ಗೆ ಏನನ್ನೂ ಹಾಕದೆ ಬಳಸಿದರೆ ಕಂಪೈಲರ್ ಅಲ್ಲೇ ತಡೆಯುತ್ತದೆ. ಕ್ಲಾಸ್‌ನ ಫೀಲ್ಡ್ ಆದರೆ ತಾನಾಗಿ ತುಂಬಿಕೊಳ್ಳುತ್ತದೆ: ಇಂಟ್‌ಗೆ 0, ಬೂಲಿಯನ್‌ಗೆ ಫಾಲ್ಸ್, ಸ್ಟ್ರಿಂಗ್ ಥರದ್ದಕ್ಕೆ ನಲ್. ಹಾಗಾಗಿ ನೀವು ನೋಡಿಕೊಳ್ಳಬೇಕಾದ್ದು ನಲ್ ಒಂದನ್ನೇ.

ಅದು ಎಲ್ಲಿ ಕಾಡುತ್ತದೆ ಅಂತ ನನಗೆ ತಿಳಿದದ್ದು ನಮ್ಮೂರಿನ ಹಾಲಿನ ಡೈರಿಗೆ ಲೆಕ್ಕದ ಪ್ರೋಗ್ರಾಂ ಬರೆದಾಗ. ಸದಸ್ಯರ ನಂಬರ್ ಕೊಟ್ಟರೆ ಆ ಹೊತ್ತಿನ ಫ್ಯಾಟ್ ಕೊಡುವ ಒಂದು ಮ್ಯಾಪ್, ಅಂದರೆ ಜೋಡಿಪಟ್ಟಿ, ಇತ್ತು. ಅದರಿಂದ ತೆಗೆದದ್ದನ್ನು ಸೀದಾ ಚಿಕ್ಕಕ್ಷರದ ಡಬಲ್‌ಗೆ (double, ಬರೀ ದಶಮಾಂಶ ಸಂಖ್ಯೆ ಹಿಡಿಯುವ ವೇರಿಯಬಲ್) ಹಾಕಿದ್ದೆ. ಒಂದು ಬೆಳಿಗ್ಗೆ ಮಷಿನ್ ಕೆಟ್ಟು ನಾಲ್ಕೈದು ಜನರ ಫ್ಯಾಟ್ ನೋಡಲೇ ಇಲ್ಲ. ಮ್ಯಾಪ್‌ನಲ್ಲಿ ಆ ನಂಬರ್ ಇಲ್ಲದ್ದಕ್ಕೆ ಅದರಿಂದ ತೆಗೆಯುವ ಗೆಟ್ (get) ನಲ್ ಕೊಟ್ಟಿತು. ಚಿಕ್ಕಕ್ಷರದ ಡಬಲ್ ನಲ್ ಹಿಡಿಯುವುದಿಲ್ಲ, ನಲ್‌ಪಾಯಿಂಟರ್ ಎಕ್ಸೆಪ್ಶನ್ ಅನ್ನುವ ಎರರ್ ಬಂದು ಪ್ರೋಗ್ರಾಂ ನಿಂತಿತು. ಮ್ಯಾಪ್ ಸರಿಯಾಗೇ ಇದೆಯಲ್ಲ ಅಂತ ಅರ್ಧ ದಿನ ಹುಡುಕಿದೆ. (ಜಾವಾ 15ರಿಂದ ಈಚೆಗೆ ಯಾವುದು ನಲ್ ಆಗಿತ್ತು ಅಂತ ಎರರ್‌ನಲ್ಲೇ ಬರುತ್ತದೆ. ಹಳೇ ವರ್ಷನ್ ಇದ್ದರೆ ದಯವಿಟ್ಟು ಬದಲಾಯಿಸಿ.)

ಆತುರಕ್ಕೆ ಗೆಟ್‌ಆರ್‌ಡಿಫಾಲ್ಟ್ (getOrDefault, ಮ್ಯಾಪ್‌ನಲ್ಲಿ ಇಲ್ಲದಿದ್ದರೆ ನಾವು ಹೇಳಿದ್ದನ್ನು ಕೊಡುವುದು) ಬಳಸಿ 0.0 ಕೊಟ್ಟೆ. ಪ್ರೋಗ್ರಾಂ ಓಡಿತು. ಬಟವಾಡೆ ಚೀಟಿ ಪ್ರಿಂಟ್ ಆದಾಗ ಎದೆ ಧಸಕ್ಕೆಂದಿತು. ಎಮ್ಮೆ ಹಾಲು ಹಾಕುವ ಅಜ್ಜಿಯೊಬ್ಬರ ಹೆಸರಿನ ಮುಂದೆ ಫ್ಯಾಟ್ 0.0! ಹಾಲಿಗೆ ದುಡ್ಡು ಸಿಗೋದೇ ಫ್ಯಾಟ್ ನೋಡಿ. ಅಳತೆ ಮಾಡಿಲ್ಲ ಅನ್ನೋದು ಬೇರೆ, ಸೊನ್ನೆ ಬಂತು ಅನ್ನೋದು ಬೇರೆ ಅಲ್ವಾ? ಎಕ್ಸೆಪ್ಶನ್ ಬಂದಿದ್ದರೆ ಪ್ರೋಗ್ರಾಂ ನಿಲ್ಲುತ್ತಿತ್ತು ಅಷ್ಟೇ. ನಾನು ಹಾಕಿದ ಸೊನ್ನೆ ಅವರ ದುಡ್ಡನ್ನೇ ತಿನ್ನುತ್ತಿತ್ತು.

ಅದಕ್ಕೇ ಹೇಳುವುದು, ಸುಮ್ನೆ ಎಲ್ಲ ಕಡೆ ನಲ್ ಚೆಕ್ ಹಾಕಬೇಡಿ. ಇಲ್ಲಿ ನಲ್ ಬಂದರೆ ಏನರ್ಥ ಅಂತ ಮೊದಲು ಯೋಚಿಸಿ. ಇರಲೇಬೇಕಾದದ್ದು ಆದರೆ ಆಬ್ಜೆಕ್ಟ್ ಕಟ್ಟುವ ಕನ್‌ಸ್ಟ್ರಕ್ಟರ್‌ನಲ್ಲೇ ರಿಕ್ವೈರ್‌ನಾನ್‌ನಲ್ (requireNonNull, ನಲ್ ಬಂದರೆ ಅಲ್ಲೇ ಎಕ್ಸೆಪ್ಶನ್ ಎಸೆಯುವುದು) ಹಾಕಿ, ತಪ್ಪು ಹುಟ್ಟಿದ ಕಡೆಯೇ ಸಿಕ್ಕಿಬೀಳುತ್ತದೆ. ಇಲ್ಲದೆಯೂ ಇರಬಹುದಾದದ್ದನ್ನು ಮೆಥಡ್ ಹಿಂದಿರುಗಿಸುವುದಾದರೆ ಜಾವಾ 8ರಲ್ಲಿ, ಅಂದರೆ 2014ರಲ್ಲಿ ಬಂದ ಆಪ್ಶನಲ್ (Optional, ಖಾಲಿಯೂ ಇರಬಹುದಾದ ಡಬ್ಬಿ) ಕೊಡಿ. ಅದನ್ನು ಕಟ್ಟುವಾಗ ಆಫ್‌ನಲಬಲ್ (ofNullable) ಬಳಸಿ, ಬರೀ ಆಫ್‌ಗೆ (of) ನಲ್ ಕೊಟ್ಟರೆ ಮತ್ತೆ ಅದೇ ಎಕ್ಸೆಪ್ಶನ್. ಫೀಲ್ಡ್‌ಗಳಿಗೆಲ್ಲ ಆಪ್ಶನಲ್ ಬೇಡ, ರಗಳೆ ಜಾಸ್ತಿ.

ಡೈರಿಯಲ್ಲಿ ಈಗ ಫ್ಯಾಟ್ ಹುಡುಕುವ ಮೆಥಡ್ ಆಪ್ಶನಲ್ ಕೊಡುತ್ತದೆ. ಅದು ಖಾಲಿ ಇದ್ದರೆ ಚೀಟಿಯಲ್ಲಿ "ಫ್ಯಾಟ್ ನೋಡಿಲ್ಲ" ಅಂತ ಬರುತ್ತದೆ. ಕಾರ್ಯದರ್ಶಿ ಅದನ್ನು ತುಂಬುವ ತನಕ ಆ ಸದಸ್ಯರ ಬಟವಾಡೆ ಮುಂದಕ್ಕೆ ಹೋಗುವುದಿಲ್ಲ.