ಸಂಘದ ಬರಹ, ಸಂಘದ ದನಿ

ಪ್ರಶ್ನೆ: ನಮ್ಮದು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ನೋಂದಾಯಿತವಾದ ಸಾಹಿತ್ಯ ಸಂಘ. ಕಿರಿಯರು ಬ್ಲಾಗ್, ಪಾಡ್‌ಕಾಸ್ಟ್ ಬೇಕೆನ್ನುತ್ತಾರೆ. ಹಿರಿಯರು ಚಂದಾ ಹಣ ಪೋಲು ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ಕಿರಿಯರ ಮಾತೇ ಸರಿ, ಆದರೆ ಹೊಸ ಸದಸ್ಯರು ಸಾಲುಗಟ್ಟಿ ಬರುತ್ತಾರೆಂದು ನಂಬಬೇಡಿ. ಹೆಚ್ಚಿನ ಪ್ರಯೋಜನ ಈಗಾಗಲೇ ಇರುವವರಿಗೆ: ಸರ್ವಸದಸ್ಯರ ಸಭೆಗೆ ಬರಲಾಗದ ದೂರದೂರಿನವರು, ಕಣ್ಣು ಮಂಜಾಗಿ ಓದು ಬಿಟ್ಟ ಹಿರಿಯರು ಕೂಡ, ಚಂದಾಕ್ಕೆ ಪ್ರತಿಯಾಗಿ ಸಂಘ ಏನು ಮಾಡುತ್ತಿದೆಯೆಂಬುದನ್ನು ವರ್ಷವಿಡೀ ತಿಳಿಯಬಹುದು.

ಬ್ಲಾಗಿನಲ್ಲಿ ಒಂದು ತೊಡಕಿದೆ. ನಿಮ್ಮ ಹಳೆಯ ವಾರ್ತಾಪತ್ರಗಳು ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ, ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಗಣಕಗಳು ಬಳಸುವ ಸಮಾನ ಸಂಕೇತ ವ್ಯವಸ್ಥೆ) ಅಲ್ಲದ ಫಾಂಟುಗಳಲ್ಲಿ ಬೆರಳಚ್ಚಾಗಿದ್ದರೆ, ನಕಲಿಸಿ ಅಂಟಿಸಿದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳಾಗುತ್ತವೆ, ಪಿಡಿಎಫ್ ಮಾಡಿದರೆ ಕಣ್ಣಿಗೆ ಕನ್ನಡ ಕಂಡರೂ ಸಾಮಾನ್ಯವಾಗಿ ಹುಡುಕಾಟಕ್ಕೆ ಸಿಗುವುದಿಲ್ಲ. ಆದ್ದರಿಂದ ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಿ. ಬೇಸರದ ಕೆಲಸವೇ, ಬ್ಲಾಗ್ ಕೇಳಿದವರಿಗೇ ವಹಿಸಿ.

ಪಾಡ್‌ಕಾಸ್ಟಿಗೆ ಸ್ಟುಡಿಯೊ ಬೇಕಿಲ್ಲ. ಫ್ಯಾನ್ ಆರಿಸಿದ ಕೋಣೆ, ಅಂಗಿಗೆ ಸಿಕ್ಕಿಸುವ ಮೈಕ್ ಸಾಕು. ಪ್ರತಿ ಸಂಚಿಕೆಯ ಸಾರಾಂಶವನ್ನೂ ಬರೆದು ಹಾಕಿ, ಏಕೆಂದರೆ ಹುಡುಕುವವರು ಹೆಚ್ಚಾಗಿ ಅಕ್ಷರದ ದಾರಿಯಲ್ಲೇ ಬರುತ್ತಾರೆ.

ನಾನು ಒತ್ತಿ ಹೇಳಬಯಸುವುದು ಖಾತೆಗಳ ಬಗ್ಗೆ. ಇಮೇಲ್, ಪಾಸ್‌ವರ್ಡ್, ಜಾಲತಾಣದ ಹೆಸರಿನ ವಾರ್ಷಿಕ ನವೀಕರಣ ಎಲ್ಲವೂ ಸಂಘದ ಹೆಸರಿನಲ್ಲಿರಲಿ, ಕಾರ್ಯದರ್ಶಿಯ ಸ್ವಂತ ಹೆಸರಿನಲ್ಲಲ್ಲ. ಪದಾಧಿಕಾರಿಗಳು ಬದಲಾದಾಗ ನಡಾವಳಿ ಪುಸ್ತಕದೊಂದಿಗೆ ಇವನ್ನೂ ಹಸ್ತಾಂತರಿಸಬೇಕೆಂಬ ನಿರ್ಣಯವನ್ನು ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲೇ ದಾಖಲಿಸಿ.