ಲಾಲ್‌ಬಾಗ್‌ನಲ್ಲಿ ಹದ್ದುಗಳು ತಲೆಯ ಮೇಲೇ ಸುತ್ತುತ್ತಿದ್ದರೂ ಗಿಳಿಗಳು ಯಾಕೆ ಹೆದರುವುದಿಲ್ಲ?

ಯಾಕಂದ್ರೆ ಆ ಹದ್ದಿಗೆ ಹಾರುವ ಗಿಳಿಯನ್ನು ಹಿಡಿಯುವುದು ಸುಲಭವಲ್ಲ, ಅಷ್ಟು ಕಷ್ಟಪಡುವ ಅಗತ್ಯವೂ ಇಲ್ಲ.

ಬೆಂಗಳೂರಿನಲ್ಲಿ ನಾವು ದಿನಾ ನೋಡುವ ಕಂದು ಬಣ್ಣದ, ಬಾಲ ಕವಲೊಡೆದ ಹದ್ದು ಬೇಟೆಗಾರನಿಗಿಂತ ಜಾಸ್ತಿ ಹೆಕ್ಕಿ ತಿನ್ನುವ ಹಕ್ಕಿ. ಮಾಂಸದಂಗಡಿಯ ಚೂರು, ಸತ್ತ ಇಲಿ, ಕಸದ ರಾಶಿ ಇದ್ದರೆ ಸಾಕು. ಉದ್ದ ರೆಕ್ಕೆ ಬಿಚ್ಚಿ, ಬಿಸಿಗಾಳಿ ಹಿಡಿದು ತೇಲುತ್ತಾ ಕೆಳಗೆ ಏನು ಬಿದ್ದಿದೆ ಅಂತ ಹುಡುಕುವುದಕ್ಕೇ ಅದರ ಮೈಕಟ್ಟು ಇರುವುದು, ಕೊಂಬೆಗಳ ನಡುವೆ ನುಗ್ಗಿ ಅಟ್ಟಿಸಿಕೊಂಡು ಹೋಗುವುದಕ್ಕಲ್ಲ. ಗಿಳಿಯೋ ಬಾಣದ ಹಾಗೆ ನೇರ ಹಾರುತ್ತದೆ. ಜೊತೆಗೆ ಗುಂಪಿನಲ್ಲಿರುತ್ತದೆ, ಒಂದು ಕಿರುಚಿದರೆ ಎಲ್ಲವೂ ಮೇಲೇಳುತ್ತವೆ. ಮೊಟ್ಟೆ ಮರಿಗಳಂತೂ ಮರದ ಪೊಟರೆಯೊಳಗೆ.

ಗಿಳಿ ನಿಜಕ್ಕೂ ಹೆದರಬೇಕಾದದ್ದು ಶಿಕ್ರಾ ಅನ್ನುವ ಪುಟ್ಟ ಬೇಟೆ ಹಕ್ಕಿಗೆ. ಗಿಡ್ಡ ರೆಕ್ಕೆ, ಉದ್ದ ಬಾಲ. ಎಲೆಮರೆಯಲ್ಲಿ ಸುಮ್ನೆ ಕೂತು ಫಕ್ಕನೆ ಎರಗುತ್ತದೆ. ಆದರೆ ಗಂಡು ಶಿಕ್ರಾದ ತೂಕ ಹೆಚ್ಚುಕಡಿಮೆ ಗಿಳಿಯಷ್ಟೇ, ಮೇಲಾಗಿ ಗಿಳಿಯ ಕೊಕ್ಕಿನ ಕಚ್ಚು ನಿಮಗೆ ಗೊತ್ತಲ್ವಾ! ಹಾಗಾಗಿ ಅದು ಹಲ್ಲಿ, ಓತಿಕ್ಯಾತ, ಸಣ್ಣ ಹಕ್ಕಿಗಳನ್ನೇ ಹೆಚ್ಚಾಗಿ ಹಿಡಿಯುತ್ತದೆ.

ಎಲ್ಲ ಊರಲ್ಲೂ ಹೀಗೇ ಅಂತಲ್ಲ. ಲಂಡನ್‌ನಲ್ಲಿ ನೆಲೆಸಿರುವ ನಮ್ಮದೇ ಜಾತಿಯ ಗಿಳಿಗಳನ್ನು ಪೆರಿಗ್ರಿನ್ ಫಾಲ್ಕನ್ ಹಿಡಿದು ತಿನ್ನುತ್ತದೆ. ಆದರೆ ಅದು ಗಾಳಿಯಲ್ಲೇ ಹಕ್ಕಿ ಹಿಡಿಯುವುದರಲ್ಲಿ ಪಳಗಿದ ಬೇಟೆಗಾರ.